ಗಂಡಸರಿಗೂ ಪರೀಕ್ಷೆ ಉಂಟು

ಹಿರಿಯಡ್ಕದ ಸಮುದಾಯ ಭವನದಲ್ಲಿ ಹೆಂಗಸರ ಆರೋಗ್ಯ ಮಾಹಿತಿ ಶಿಬಿರ ಮುಗಿದಿತ್ತು. ಎಲ್ಲರೂ ಚಹಾ ಕುಡಿಯಲು ಹೊರಗೆ ಹೋದ ಮೇಲೂ ಒಬ್ಬಳು ಕುರ್ಚಿ ಬಿಟ್ಟು ಎದ್ದಿರಲಿಲ್ಲ. ಮಣಿಪಾಲದ ವಿಶ್ವವಿದ್ಯಾಲಯದಲ್ಲಿ ಬಂಜೆತನದ ಕುರಿತು ಸಂಶೋಧನೆ ಮಾಡುತ್ತಿದ್ದ ಶರ್ವಾಣಿ ಪ್ರೊಜೆಕ್ಟರಿನ ವೈರು ಸುತ್ತುತ್ತಾ ಅವಳ ಕಡೆ ನೋಡಿದಳು.

"ಎಂತ ಅಕ್ಕ, ಏನಾದರೂ ಕೇಳಲಿಕ್ಕೆ ಉಂಟಾ?"

ಅವಳ ಹೆಸರು ನಾಗವೇಣಿ, ಬಾದಾಮಿ ಕಡೆಯವಳು. ಗಂಡ ಬೀರಪ್ಪ ಕಾರ್ಕಳದ ಬೇಕರಿಯೊಂದರಲ್ಲಿ ಕೆಲಸಕ್ಕಿದ್ದ. ಮದುವೆಯಾಗಿ ಏಳು ವರ್ಷವಾದರೂ ಮಕ್ಕಳಿರಲಿಲ್ಲ. ಅವಳು ಒಬ್ಬಳೇ ಹೋಗಿ ಸ್ಕ್ಯಾನಿಂಗ್ ಮಾಡಿಸಿದ್ದಳು, ನಾಟಿ ವೈದ್ಯರ ಪುಡಿ ನುಂಗಿದ್ದಳು, ಅತ್ತೆ ಹೇಳಿದ ದೇವರಿಗೆಲ್ಲ ಉಪವಾಸ ಮಾಡಿದ್ದಳು. ನಿನ್ನಲ್ಲಿ ದೋಷವಿಲ್ಲ ಎಂದು ಡಾಕ್ಟರು ಹೇಳಿದ್ದನ್ನು ಮಾತ್ರ ಊರಲ್ಲಿ ಯಾರೂ ನಂಬಿರಲಿಲ್ಲ.

"ನಿಮ್ಮ ಯಜಮಾನರ ಪರೀಕ್ಷೆ ಆಗಿದೆಯಾ?" ಶರ್ವಾಣಿ ಕೇಳಿದಳು.

"ಗಂಡಸರಿಗೂ ಪರೀಕ್ಷಾ ಇರ್ತೈತೇನ್ರಿ?"

"ಉಂಟು ಅಕ್ಕ. ಇಬ್ಬರಿಗೂ ಒಟ್ಟಿಗೇ ಮಾಡಬೇಕು."

ಶರ್ವಾಣಿ ಸುತ್ತಿದ ವೈರನ್ನು ಬಿಚ್ಚಿ, ಶಿಬಿರದಲ್ಲಿ ತೋರಿಸಿದ್ದ ವೀರ್ಯಾಣುಗಳ ವಿಡಿಯೋವನ್ನು ಅವಳೊಬ್ಬಳಿಗಾಗಿ ಮತ್ತೊಮ್ಮೆ ಹಾಕಿದಳು.

ಆ ದಿನ ಮನೆಯಲ್ಲಿ ಪರೀಕ್ಷೆಯ ಮಾತೆತ್ತಿದಾಗ ಬೀರಪ್ಪ ಸಿಡುಕಿದ. "ನನಗೇನಾಗೈತಿ? ಮೈದಾ ಚೀಲ ಒಬ್ಬನೇ ಹೊರ್ತೀನಿ." ನಾಗವೇಣಿ ವಾದಕ್ಕಿಳಿಯಲಿಲ್ಲ. ರೊಟ್ಟಿ ಬಡಿಸುತ್ತಾ ತಾನು ಕಂಡದ್ದನ್ನಷ್ಟೇ ಹೇಳಿದಳು. "ಗೊದಮೊಟ್ಟಿ ಇದ್ದಂಗ ಇರ್ತಾವ. ಬಾಲ ಅಲ್ಲಾಡಿಸಿಕೋತ ಈಸ್ತಾವ. ಒಂದಲ್ಲ ಎರಡಲ್ಲ, ಕೋಟಿಗಟ್ಟಲೆ."

"ಕೋಟಿ? ನನ್ನೊಳಗ?" ಅವನ ಕೈಯಲ್ಲಿನ ತುತ್ತು ಅಲ್ಲೇ ನಿಂತಿತು.

ಮರುದಿನ ಅವನೇ ಮಾತು ತೆಗೆದ. "ಅವಕ್ಕ ಕಣ್ಣು ಇರ್ತಾವೇನು?" ಅವಳಿಗೆ ಗೊತ್ತಿರಲಿಲ್ಲ. "ಮತ್ತ ದಾರಿ ಹೆಂಗ ಸಿಗ್ತೈತಿ?" ಅದೂ ಗೊತ್ತಿರಲಿಲ್ಲ. ಆ ವಾರವೇ ಇಬ್ಬರೂ ಮಣಿಪಾಲದ ಬಸ್ಸು ಹತ್ತಿದರು.

ವೀರ್ಯದ ಮಾದರಿ ಕೊಟ್ಟ ಬೀರಪ್ಪ ತಾನೂ ನೋಡಬೇಕೆಂದು ಹಟ ಹಿಡಿದ. ಶರ್ವಾಣಿ ತನ್ನ ಮಾರ್ಗದರ್ಶಕಿ ಡಾಕ್ಟರ್ ಲೀನಾ ಅವರ ಒಪ್ಪಿಗೆ ಪಡೆದು ಅವನನ್ನು ಸೂಕ್ಷ್ಮದರ್ಶಕದ ಮುಂದೆ ಕೂರಿಸಿದಳು. ಒಂದು ಕಣ್ಣು ಮುಚ್ಚಿ ಅವನು ಬಹಳ ಹೊತ್ತು ನೋಡಿದ.

"ಇವು ಯಾಕ ಸುಮ್ಮನ ಬಿದ್ದಾವ್ರಿ?"

ನಾಗವೇಣಿ ಅವನ ಬೆನ್ನ ಮೇಲೆ ಕೈಯಿಟ್ಟಳು.

"ಈಜುವುದು ಕಡಿಮೆ ಉಂಟು," ಎಂದಳು ಶರ್ವಾಣಿ. "ನೀವು ಬೇಕರಿಯಲ್ಲಿ ಎಂತ ಕೆಲಸ ಮಾಡುವುದು?"

"ಭಟ್ಟಿ ಮುಂದ ನಿಲ್ಲೋದು. ಬ್ರೆಡ್ಡು, ರಸ್ಕು ಸುಡೋದು." ಭಟ್ಟಿಯ ಬಾಯಿ ಎಷ್ಟು ಎತ್ತರಕ್ಕಿದೆ ಎಂದು ಕೇಳಿದಾಗ ಅವನು ಕೈಯನ್ನು ಸೊಂಟದ ಬಳಿ ಹಿಡಿದು ತೋರಿಸಿದ.

"ವೀರ್ಯಾಣು ತಯಾರಾಗಲಿಕ್ಕೆ ಮೈಯ ಬಿಸಿಗಿಂತ ಸ್ವಲ್ಪ ತಂಪು ಬೇಕು. ಆ ಅಂಗ ಹೊಟ್ಟೆಯೊಳಗೆ ಇರದೆ ಹೊರಗೆ ಇರುವುದು ಅದಕ್ಕೇ."

"ಹೌದೇನ್ರಿ!" ಬೀರಪ್ಪ ತನ್ನ ಸಂಕಟವನ್ನೇ ಒಂದು ಗಳಿಗೆ ಮರೆತ. "ನಾ ಎಂದೂ ವಿಚಾರ ಮಾಡಿದ್ದಿಲ್ಲ."

"ಶಾಖವೇ ಕಾರಣ ಅಂತ ನಾನು ಹೇಳುವುದಿಲ್ಲ. ಬೇರೆಯೂ ಇರಬಹುದು. ಹಲ್ಲು ಕೆಂಪು ಉಂಟು, ಗುಟ್ಕಾ ಹಾಕುತ್ತೀರಲ್ವಾ? ಅದನ್ನು ಬಿಡಿ, ಭಟ್ಟಿಯನ್ನೂ ಬಿಟ್ಟು ನೋಡಿ. ಹೊಸತು ತಯಾರಾಗಲಿಕ್ಕೆ ಹತ್ತಿರ ಹತ್ತಿರ ಮೂರು ತಿಂಗಳು ಬೇಕು."

ಬೇಕರಿಯ ಮಾಲೀಕ ಜೋಕಿಮ್ ಕಾರಣ ಕೇಳಿ ಮೊದಲು ನಕ್ಕ, ಆಮೇಲೆ ತಾನೂ ಭಟ್ಟಿಯಿಂದ ಒಂದು ಹೆಜ್ಜೆ ಹಿಂದೆ ಸರಿದ. ಬೀರಪ್ಪನಿಗೆ ನಿಟ್ಟೆ, ಕಾಪುವಿನ ಅಂಗಡಿಗಳಿಗೆ ವ್ಯಾನಿನಲ್ಲಿ ಬ್ರೆಡ್ಡು ತಲುಪಿಸುವ ಕೆಲಸ ಸಿಕ್ಕಿತು.

ಮರುಪರೀಕ್ಷೆಯ ದಿನ ಹತ್ತಿರವಾದಾಗ ಊರಿನಿಂದ ಬೀರಪ್ಪನ ತಾಯಿ ಯಮನವ್ವ ಬಂದಳು. ಬಂದವಳೇ, ಸೊಸೆಗೂ ಕೇಳುವಂತೆ ಮಗನಿಗೆ, "ನಿನಗ ಇನ್ನೊಂದು ಹುಡುಗಿ ನೋಡೇನಿ," ಎಂದಳು.

ಬೀರಪ್ಪನ ಮುಖ ಕೆಂಪಾಯಿತು. ಹೇಳಬೇಕಾದದ್ದನ್ನು ಅವನು ತಲೆ ತಗ್ಗಿಸಿಯೇ ಹೇಳಿದ. "ಅವ್ವಾ, ಕಡಿಮಿ ಇರೋದು ನನ್ನೊಳಗ. ಆಕಿಯೊಳಗಲ್ಲ."

"ಯಾರು ತುಂಬಿದರು ನಿನ್ನ ತಲಿಯೊಳಗ ಇದನ್ನ? ಅವರ ಮುಂದ ನನ್ನ ಕರ್ಕೊಂಡು ನಡಿ!"

ಹೀಗೆ ಈ ಸಲ ಮಣಿಪಾಲಕ್ಕೆ ಮೂವರು ಹೋದರು. ಫಲಿತಾಂಶ ಸುಧಾರಿಸಿತ್ತು. ಈಜುವವು ಹೆಚ್ಚಾಗಿದ್ದವು, ಆದರೆ ಸಾಕಾಗುವಷ್ಟಲ್ಲ. ಬೀರಪ್ಪ ಸ್ವಲ್ಪ ಯೋಚಿಸಿ ಕೇಳಿದ, "ಗುಟ್ಕಾನೂ ಬಿಟ್ಟೆ, ಭಟ್ಟಿನೂ ಬಿಟ್ಟೆ. ಯಾವುದರಿಂದ ಸುಧಾರಿಸ್ತ್ರಿ?"

ಶರ್ವಾಣಿ ನಕ್ಕಳು. "ನನಗೂ ಗೊತ್ತಿಲ್ಲ. ಒಬ್ಬರನ್ನೇ ನೋಡಿ ಹೇಳಲಿಕ್ಕೆ ಆಗುವುದಿಲ್ಲ. ನಿಮ್ಮ ಹಾಗೆ ಭಟ್ಟಿ ಮುಂದೆ ನಿಲ್ಲುವವರು ತುಂಬ ಜನ ಬೇಕು."

ಜಗಳಕ್ಕೆಂದೇ ಬಂದಿದ್ದ ಯಮನವ್ವನಿಗೆ ಶರ್ವಾಣಿ ತಾನು ಪಾಠಕ್ಕೆ ಬಳಸುವ ಎರಡು ವಿಡಿಯೋ ತೋರಿಸಿದಳು. ಒಂದರಲ್ಲಿ ಎಲ್ಲವೂ ಓಡುತ್ತಿದ್ದವು, ಇನ್ನೊಂದರಲ್ಲಿ ಹೆಚ್ಚಿನವು ಮಿಸುಕುತ್ತಿರಲಿಲ್ಲ. ಅವು ಯಾರವೆಂದು ಮುದುಕಿ ಕೇಳಿದಳು, ಅದನ್ನು ಹೇಳುವಂತಿಲ್ಲ ಎಂದಳು ಶರ್ವಾಣಿ. ಯಮನವ್ವ ಎರಡನೆಯದನ್ನು ಮತ್ತೆ ಹಾಕಿಸಿ ನೋಡಿದಳು. ದನಿ ತಗ್ಗಿತ್ತು.

"ತಂಗೀ, ಬಿಸಿಲಾಗ, ಬೆಂಕಿಯಾಗ ದುಡಿಯೋರಿಗೆ ಹಿಂಗ ಆಕ್ಕೈತೇನು?"

"ಬೆಂಕಿಯ ಹತ್ತಿರ ಬಹಳ ಕಾಲ ಇದ್ದರೆ ಆಗಬಹುದು. ಯಾಕೆ ಅಮ್ಮ?"

"ಇವರಪ್ಪ ಸುಣ್ಣದ ಭಟ್ಟಿಯೊಳಗ ದುಡೀತಿದ್ದ. ಒಂಬತ್ತು ವರ್ಷ ಊರೆಲ್ಲ ನನ್ನ ಬಂಜಿ ಅಂದರು. ಭಟ್ಟಿ ಮುಚ್ಚಿ, ಅಂವ ಹೊಲದ ಕೂಲಿಗೆ ಹತ್ತಿದ ಮ್ಯಾಲೆ ಇಂವ ಹುಟ್ಟಿದ." ಅವಳು ಪರದೆಯಿಂದ ಕಣ್ಣು ತೆಗೆಯಲಿಲ್ಲ. "ಅದಕ್ಕ ಇದ್ದೀತೇನು?"

"ಇರಬಹುದು ಅಮ್ಮ. ಈಗ ತಿಳಿಯುವ ದಾರಿ ಇಲ್ಲ."

"ಅಂವಗ ಯಾರೂ ಏನೂ ಕೇಳಲಿಲ್ಲ ನೋಡು." ಯಮನವ್ವ ಸೆರಗಿನಿಂದ ಮೂಗು ಒರೆಸಿಕೊಂಡು, ಬಾಗಿಲ ಬಳಿ ನಿಂತೇ ಇದ್ದ ನಾಗವೇಣಿಯತ್ತ ತಿರುಗಿದಳು. "ಅಲ್ಲ್ಯಾಕ ನಿಂತಿ? ಬಾ, ಇಲ್ಲಿ ಕುಂದರು. ಆ ಹುಡುಗಿ ಮನಿಯವರಿಗೆ ಬ್ಯಾಡ ಅಂತ ನಾನ ಹೇಳ್ತೀನಿ."

ಯಾವುದರಿಂದ ಸುಧಾರಿಸಿತು ಎಂದು ಬೀರಪ್ಪ ಕೇಳಿದ ಪ್ರಶ್ನೆಯನ್ನು ಶರ್ವಾಣಿ ಲೀನಾ ಅವರ ಮುಂದಿಟ್ಟಳು. ಕೆಲವು ತಿಂಗಳಲ್ಲಿ, ಉಡುಪಿ ಮತ್ತು ಕಾರ್ಕಳದ ಭಟ್ಟಿ ಕೆಲಸಗಾರರ ಅಧ್ಯಯನಕ್ಕೆ ಅನುಮತಿ ಬಂತು. ಮೊದಮೊದಲು ಒಬ್ಬ ಗಂಡಸೂ ಸುಳಿಯಲಿಲ್ಲ. ಆಮೇಲೊಂದು ದಿನ ಬೀರಪ್ಪ ಬ್ರೆಡ್ಡು ಇಳಿಸಿದ ವ್ಯಾನಿನಲ್ಲಿ ತನ್ನ ಮೂವರು ಜೊತೆಗಾರರನ್ನು ಕೂರಿಸಿಕೊಂಡು ಮಣಿಪಾಲಕ್ಕೆ ಬಂದ. ಅವರು ಒಬ್ಬರ ಮುಖ ಒಬ್ಬರು ನೋಡದೆ ಬೆಂಚಿನ ಮೇಲೆ ಕುಳಿತರು.

ಅದೇ ಕಟ್ಟಡದ ಇನ್ನೊಂದು ಕೋಣೆಯಲ್ಲಿ, ಬೀರಪ್ಪನ ಈಜುವ ವೀರ್ಯಾಣುಗಳನ್ನು ಆರಿಸಿ ನಾಗವೇಣಿಯ ಗರ್ಭಕ್ಕೆ ಸೇರಿಸುವ ಚಿಕಿತ್ಸೆ ನಡೆಯುತ್ತಿದೆ. ಮಗುವಾಗುತ್ತದೆಯೋ ಇಲ್ಲವೋ, ಡಾಕ್ಟರು ಮಾತು ಕೊಟ್ಟಿಲ್ಲ. ಆದರೆ ಮೊದಲಿನಂತೆ ಅವಳು ಈಗ ಚಿಕಿತ್ಸೆಗೆ ಒಬ್ಬಳೇ ಹೋಗುವುದಿಲ್ಲ.