ಕೆಳಗಿನ ಮನೆಯ ಪೊರಕೆ

ಬಾಡಿಗೆ ಮನೆ ಖಾಲಿ ಮಾಡುವುದನ್ನು ಮೊಮ್ಮಗಳು ಒಂದು ಪ್ರಯೋಗದಂತೆ ಕೈಗೆತ್ತಿಕೊಂಡಿದ್ದಳು. ರಸಾಯನಶಾಸ್ತ್ರದಲ್ಲಿ ಪದವಿ ಮುಗಿಸಿ, ನೀರು ಪರೀಕ್ಷಿಸುವ ಪ್ರಯೋಗಾಲಯದಲ್ಲಿ ಕೆಲಸಕ್ಕೆ ಸೇರಿದ್ದ ಅವಳ ಪ್ರಕಾರ, ಮನೆ ಬದಲಿಸುವಾಗ ಸಾಮಾನು ಒಡೆಯುವುದಕ್ಕೆ ದುರದೃಷ್ಟ ಕಾರಣವಲ್ಲ, ಕ್ರಮದ ಕೊರತೆ ಕಾರಣ. ಆದ್ದರಿಂದ ಭಾರವಾದದ್ದು ತಳಕ್ಕೆ, ಗಾಜಿನದು ಬಟ್ಟೆಯ ನಡುವಿಗೆ. ದ್ರವವಿರುವ ಯಾವುದೂ ಕಾಗದದ ಹತ್ತಿರ ಸುಳಿಯುವಂತಿಲ್ಲ. ಅಡುಗೆಮನೆಯ ಪೆಟ್ಟಿಗೆಗಳಿಗೆ ಕೆಂಪು ಪಟ್ಟಿ, ಮಲಗುವ ಕೋಣೆಯವಕ್ಕೆ ನೀಲಿ. ಅವಳು ಖುದ್ದಾಗಿ ತೆರೆದು ನೋಡಿದ ಹೊರತು ಯಾವ ಪೆಟ್ಟಿಗೆಗೂ ಟೇಪು ಬೀಳುತ್ತಿರಲಿಲ್ಲ. ಆಸ್ಪತ್ರೆಯಲ್ಲಿ ದಾದಿಯಾಗಿದ್ದ ಅಮ್ಮ ಪಾಳಿ ಮುಗಿಸಿ ಬಂದು ಬಾಚಣಿಗೆ ಹುಡುಕಿದರೆ, ಅದೂ ಪಟ್ಟಿ ಅಂಟಿಸಿಕೊಂಡು ಪ್ರಯಾಣಕ್ಕೆ ಸಿದ್ಧವಾಗಿ ಕೂತಿತ್ತು.

"ನನ್ನನ್ನೂ ಒಂದು ಪೆಟ್ಟಿಗೆಗೆ ಹಾಕಿ ಟೇಪು ಸುತ್ತಿಬಿಡೇ ತಾಯಿ, ನಿದ್ದೆನಾದ್ರೂ ಮಾಡ್ತೀನಿ," ಎಂದಳು ಅಮ್ಮ.

"ನೀನು ಬೇಗ ಕೆಡೋ ಸಾಮಾನು ಕಣಮ್ಮ. ಕೊನೆಗೆ ಹಾಕೋದು."

ಈ ವ್ಯವಸ್ಥೆಗೆ ಒಗ್ಗದೆ ಉಳಿದದ್ದು ಅಜ್ಜಿಯೊಬ್ಬಳೇ. ವಿಚಿತ್ರವೆಂದರೆ ಮನೆ ಬದಲಿಸುತ್ತಿದ್ದದ್ದೇ ಅವಳ ಮಂಡಿನೋವಿಗಾಗಿ. ಈಗಿನದು ಮಹಡಿ ಮನೆ. ಹೊಸದರಲ್ಲಿ ಮೆಟ್ಟಿಲೇ ಇಲ್ಲ. ಆದರೆ ಅಜ್ಜಿಯ ಜೀವವಿದ್ದದ್ದು ಆ ಮೆಟ್ಟಿಲಿನಲ್ಲಿ.

ಪ್ರತಿದಿನ ಬೆಳಿಗ್ಗೆ ಅಜ್ಜಿ ಮೆಟ್ಟಿಲನ್ನು ಮೇಲಿನಿಂದ ಗುಡಿಸುತ್ತ ಇಳಿಯುತ್ತಿದ್ದಳು. ಕೆಳಗಿನ ಮನೆಯಲ್ಲಿ ಒಂಟಿಯಾಗಿದ್ದ ಮನೆಯೊಡತಿ, ಅಂಚೆ ಕಚೇರಿಯಿಂದ ನಿವೃತ್ತಳಾದವಳು, ಅದೇ ಹೊತ್ತಿಗೆ ಕೆಳಗಿನಿಂದ ಗುಡಿಸುತ್ತ ಹತ್ತುತ್ತಿದ್ದಳು. ಕಸವನ್ನು ಮೇಲ್ಮುಖವಾಗಿ ಗುಡಿಸಬಲ್ಲವರನ್ನು ಮೊಮ್ಮಗಳು ಬೇರೆಲ್ಲೂ ಕಂಡಿರಲಿಲ್ಲ. ಗುರುತ್ವಾಕರ್ಷಣೆಗೂ ಆ ಹೆಂಗಸಿಗೂ ಹಳೆಯ ಹಗೆಯಿದ್ದಂತಿತ್ತು. ಇಬ್ಬರ ಕಸವೂ ಮೆಟ್ಟಿಲಿನ ತಿರುವಿನಲ್ಲಿ ಸಂಧಿಸುತ್ತಿತ್ತು. ಅದು ಯಾರದೆಂಬ ಪ್ರಶ್ನೆ ಅಲ್ಲಿ ಹುಟ್ಟಿ, ಇಬ್ಬರ ವಂಶ, ಅಡುಗೆ, ಗೊರಕೆ ಎಲ್ಲವನ್ನೂ ಜಾಲಾಡಿ, ಬಿಸಿಲೇರುವ ಹೊತ್ತಿಗೆ ತೀರ್ಮಾನ ಕಾಣದೆ ಮಾರನೆಯ ಬೆಳಗಿಗೆ ಮುಂದಕ್ಕೆ ಹೋಗುತ್ತಿತ್ತು. ಜಗಳ ಮುಗಿಸಿ ಬಂದ ಅಜ್ಜಿಯ ಮುಖ ಅರಳಿರುತ್ತಿತ್ತು. ಅಂದು ಎರಡು ತುತ್ತು ಹೆಚ್ಚೇ ಉಣ್ಣುತ್ತಿದ್ದಳು.

ಮನೆ ಬಿಡುವುದು ನಿಶ್ಚಯವಾದಂದಿನಿಂದ ಆ ತುತ್ತುಗಳು ನಿಂತುಹೋಗಿದ್ದವು.

"ಹೊಸ ಮನೆ ಪಕ್ಕದಲ್ಲಿ ಯಾರಿದ್ದಾರೇ?" ಎಂದು ಅಜ್ಜಿ ಒಮ್ಮೆ ಕೇಳಿದಳು.

"ತುಂಬಾ ಒಳ್ಳೆ ಜನ ಅಜ್ಜಿ. ಯಾರ ಗೊಡವೆಗೂ ಬರಲ್ಲ."

"ನಮ್ಮ ಕಸ ಅವರ ಬಾಗಿಲಿಗೆ ಹೋದ್ರೆ?"

"ಅವರೇ ಎತ್ತಿ ಹಾಕ್ತಾರಂತೆ."

"ಅಯ್ಯೋ ದೇವರೇ! ಅಂಥೋರ ಜೊತೆ ಹೇಗೆ ಬಾಳೋದು?" ಎಂದವಳೇ ಗೋಡೆಯ ಕಡೆ ತಿರುಗಿ ಮಲಗಿಬಿಟ್ಟಳು.

ಮೊಮ್ಮಗಳು ಅಡುಗೆಮನೆಗೆ ಹೋಗಿ ಅಮ್ಮನ ಕಿವಿಯಲ್ಲಿ ಪಿಸುಗುಟ್ಟಿದಳು: "ಅಜ್ಜಿ ಆಗಾಗ ಇಲ್ಲಿಗೆ ಬಂದು ಕೆಳಗಿನ ಮನೆ ಆಂಟೀನ ನೋಡ್ಕೊಂಡು ಹೋಗಲಿ ಬಿಡಮ್ಮ."

"ಯಾವ ಮುಖ ಇಟ್ಕೊಂಡು ಬರ್ತಾಳೆ? ಸ್ನೇಹ ಇದ್ದಿದ್ರೆ ಸುಮ್ನೆ ಬರಬಹುದಿತ್ತು. ಜಗಳ ಇರೋರ ಮನೆಗೆ ಕಾರಣ ಇಲ್ದೆ ಹೋಗೋಕಾಗುತ್ತಾ?"

ಸಾಮಾನು ಸಾಗಿಸುವ ಲಾರಿ ಬರುವ ಹಿಂದಿನ ದಿನ ಮೊಮ್ಮಗಳು ಅಜ್ಜಿಯ ಪೆಟ್ಟಿಗೆಯನ್ನು ಪರಿಶೀಲಿಸಿದಳು. ಕಂಬಳಿ, ಔಷಧದ ಡಬ್ಬಿ, ಬಿಸಿನೀರಿನ ಚೀಲ. ಎಲ್ಲದರ ಅಡಿಯಲ್ಲಿ, ಮೂಲೆಯಿಂದ ಮೂಲೆಗೆ ಓರೆಯಾಗಿ ಮಲಗಿಸಿದ ಒಂದು ಪೊರಕೆ. ಅದರ ಹಿಡಿಗೆ ಸುತ್ತಿದ್ದ ನೀಲಿ ತಂತಿ ಆ ಬೀದಿಯಲ್ಲಿ ಎಲ್ಲರಿಗೂ ಪರಿಚಿತ. ಅದು ಕೆಳಗಿನ ಮನೆಯದು. ತಪ್ಪಿ ಸೇರಿಕೊಂಡಿದೆ ಎಂದು ಮೊಮ್ಮಗಳು ತೀರ್ಮಾನಿಸಿದಳು. ಪರರ ಸ್ವತ್ತಿಗೆ ಯಾವ ಬಣ್ಣದ ಪಟ್ಟಿಯೆಂದು ಅವಳ ವ್ಯವಸ್ಥೆಯಲ್ಲಿ ಸೂಚನೆಯೂ ಇರಲಿಲ್ಲ. ಅಜ್ಜಿ ಸ್ನಾನಕ್ಕೆ ಹೋಗಿದ್ದಾಗಲೇ ಅದನ್ನು ಕೆಳಗೆ ತಲುಪಿಸಿ, ಕ್ಷಮೆಯನ್ನೂ ಕೇಳಿದಳು.

ಪೊರಕೆಯನ್ನು ಕಂಡದ್ದೇ ಮನೆಯೊಡತಿಯ ಮುಖ ಸಪ್ಪಗಾಯಿತು.

"ಇದನ್ನ ಯಾಕೆ ತಂದ್ಯೇ?"

"ತಪ್ಪಿ ನಮ್ಮ ಸಾಮಾನಿನಲ್ಲಿ ಸೇರಿತ್ತು ಆಂಟಿ."

"ತಪ್ಪೂ ಇಲ್ಲ, ಗಿಪ್ಪೂ ಇಲ್ಲ. ಕದ್ದಿದ್ದಾಳೆ! ಕಿಟಕಿ ಹಿಂದೆ ನಿಂತು ನೋಡ್ತಾನೇ ಇದ್ದೆ."

"ನೋಡಿಯೂ ಸುಮ್ಮನಿದ್ರಾ?"

"ಮತ್ತೇನು, ಅಡ್ಡ ಬಂದು ಕೆಲಸ ಕೆಡಿಸಲಾ? ನಿಮ್ಮ ಹೊಸ ಮನೆ ಮುಂದೆ ನಿಂತು ನಿಮ್ಮಜ್ಜಿ ಮಾನ ಹರಾಜು ಹಾಕೋಣ ಅಂತಿದ್ದೆ. ಏನೇನು ಬೈಬೇಕು ಅಂತ ಮಾತೆಲ್ಲ ಜೋಡಿಸಿಟ್ಕೊಂಡಿದ್ದೆ." ಅವಳು ಪೊರಕೆಯನ್ನು ಕೈಯಲ್ಲಿ ತಿರುವಿ ನೋಡಿದಳು. "ಈಗ ನಾನು ಅಲ್ಲಿಗೆ ಯಾಕೆ ಬರಲಿ? ಹೇಳು. ಓದಿದೋಳಲ್ವಾ ನೀನು?"

ತನ್ನ ಅಚ್ಚುಕಟ್ಟುತನದಿಂದ ಒಂದು ದೊಡ್ಡ ವ್ಯವಸ್ಥೆಯೇ ಕುಸಿಯಲಿದೆ ಎಂಬುದು ಮೊಮ್ಮಗಳಿಗೆ ಹೊಳೆಯಿತು.

"ಆಂಟಿ, ಅದನ್ನ ಇಲ್ಲಿ ಕೊಡಿ."

"ತಗೋ. ಇದ್ದ ಹಾಗೇ ಇಡು. ನಾನು ನೋಡಿದೆ ಅಂತ ಅವಳ ಮುಂದೆ ಬಾಯಿ ಬಿಟ್ರೆ ಹುಷಾರ್!"

ಬಚ್ಚಲಿನಲ್ಲಿ ಇನ್ನೂ ನೀರಿನ ಸದ್ದಿತ್ತು. ಮೊಮ್ಮಗಳು ಪೊರಕೆಯನ್ನು ಓರೆಯಾಗಿ ಮಲಗಿಸಿ, ಕಂಬಳಿ ಹೊದಿಸಿ, ಕಳವಿನ ಮಾಲಿನ ಮೇಲೆ ಜೀವನದಲ್ಲಿ ಮೊದಲ ಬಾರಿಗೆ ಟೇಪು ಎಳೆದಳು.

ಹೊಸ ಮನೆಯಲ್ಲಿ ಅಜ್ಜಿ ಎಲ್ಲಕ್ಕಿಂತ ಮೊದಲು ಬಿಚ್ಚಿದ್ದು ಆ ಪೆಟ್ಟಿಗೆಯನ್ನೇ. ಪೊರಕೆಯನ್ನು ತೆಗೆದು, ರಸ್ತೆಗೆ ಚೆನ್ನಾಗಿ ಕಾಣುವಂತೆ ಮುಂಬಾಗಿಲ ಪಕ್ಕ ಒರಗಿಸಿ, ಕುರ್ಚಿ ಹಾಕಿಕೊಂಡು ಕೂತಳು. ಮರುದಿನವೂ ಕೂತಳು. "ಆಟೋ ಸಿಗೋದು ಕಷ್ಟವೇನೋ ಈ ಕಡೆಗೆ," ಎಂದು ಯಾರಿಗೂ ಅಲ್ಲದಂತೆ ಹೇಳಿದಳು. ಅನ್ನದ ತಟ್ಟೆ ಅರ್ಧಕ್ಕೇ ಉಳಿಯಿತು. ಮೊಮ್ಮಗಳು ಮಾತ್ರ ಪೆಟ್ಟಿಗೆ ಬಿಚ್ಚುವ ನೆಪದಲ್ಲಿ ಕಿಟಕಿ ಬಿಟ್ಟು ಕದಲಲಿಲ್ಲ.

ಆ ವಾರ ಕಳೆಯುವ ಮೊದಲೇ ಗೇಟಿನ ಮುಂದೆ ಆಟೋ ನಿಂತಿತು.

"ಕಳ್ಳಿ!" ಎಂಬ ಕೂಗು, ಇಳಿದವಳ ಕಾಲು ನೆಲ ಮುಟ್ಟುವ ಮುಂಚೆಯೇ ಕೇಳಿಸಿತು.

ಅಜ್ಜಿ ಮಂಡಿ ಮರೆತು ಎದ್ದಳು. "ಯಾರೇ ಕಳ್ಳಿ? ಕಸಾನ ಮೇಲಕ್ಕೆ ಗುಡಿಸೋ ಕಲಬೆರಕೆ ಬುದ್ಧಿಯೋಳೇ!"

"ನನ್ನ ಪೊರಕೆ ಮುಂದೇನೇ ನಿಂತು ಹೇಳ್ತೀಯಲ್ಲೇ, ನಾಚಿಕೆ ಆಗಲ್ವಾ?"

"ನಿನ್ನದು ಅಂತ ಅದರ ಮೇಲೆ ಬರೆದಿದೆಯಾ?"

ಪಕ್ಕದ ಮನೆಯ ಒಳ್ಳೆಯ ಜನ ಮೆಲ್ಲನೆ ಕಿಟಕಿ ಮುಚ್ಚಿಕೊಂಡರು. ಬಿಸಿಲೇರಿತು. ಕೊನೆಗೆ ಅಜ್ಜಿಯೇ ಒಳಗೆ ಮುಖ ಮಾಡಿ ಕೂಗಿದಳು: "ಇನ್ನೊಂದು ತಟ್ಟೆ ಹಾಕ್ರೇ! ಹಸಿದು ಇಲ್ಲೇ ಬಿದ್ರೆ ಆಮೇಲೆ ನಮ್ಮ ತಲೆಗೇ ಕಟ್ತಾಳೆ ಈ ಮಹಾರಾಣಿ." ಮಹಾರಾಣಿ ಸಾರಿಗೆ ಉಪ್ಪು ಹೆಚ್ಚೆಂದು ಬೈಯುತ್ತಲೇ ಎರಡು ಸಲ ಬಡಿಸಿಕೊಂಡಳು, ಅಜ್ಜಿಯೂ ಹಟಕ್ಕೆ ಬಿದ್ದವಳಂತೆ ಉಂಡಳು.

ಸಂಜೆ ಪೊರಕೆಯನ್ನು ಹೆಗಲಿಗೆ ಆನಿಸಿಕೊಂಡು ಮಹಾರಾಣಿ ಗೇಟು ದಾಟುವಾಗ ಮೊಮ್ಮಗಳು ಅಡುಗೆಮನೆಯಲ್ಲಿದ್ದಳು. ತೊಳೆದಿಟ್ಟ ಕುಕ್ಕರಿಗೆ ಮುಚ್ಚಳವಿರಲಿಲ್ಲ. ಕಿಟಕಿಯಿಂದ ನೋಡಿದರೆ, ದೂರವಾಗುತ್ತಿದ್ದ ಹೆಂಗಸಿನ ಕೈಚೀಲ ದುಂಡಗೆ ಉಬ್ಬಿತ್ತು. ಅದರಿಂದ ಕಪ್ಪು ಹಿಡಿಯೊಂದು ಇಣುಕುತ್ತಿತ್ತು. ಮೊಮ್ಮಗಳು ಕರೆಯಲು ಬಾಯಿ ತೆರೆದು, ಹಾಗೆಯೇ ಮುಚ್ಚಿದಳು.

"ಕುಕ್ಕರ್ ಮುಚ್ಚಳ ಎಲ್ಲೇ?" ಎಂದಳು ಒಳಬಂದ ಅಮ್ಮ.

"ಎಲ್ಲಿಟ್ಟೆನೋ, ನೆನಪೇ ಇಲ್ಲಮ್ಮ."

ಅಮ್ಮ ಕೈಯಲ್ಲಿದ್ದ ಪಾತ್ರೆಯನ್ನು ಕೆಳಗಿಟ್ಟು, ಹತ್ತಿರ ಬಂದು, ಅವಳ ಹಣೆ ಮುಟ್ಟಿ ನೋಡಿದಳು.