ಬೋಲ್ಟಿಗೆ ಅಭ್ಯಂಜನ

ನಡುರಾತ್ರಿ ಗ್ಯಾರೇಜಿನಲ್ಲಿ ‘ಟಿಕ್’ ಎಂದಿತು.

ಟೆಕ್ಸಾಸಿನ ಫ್ರಿಸ್ಕೋ ಊರಿನ ಆ ಹೊಸ ಮನೆಯ ಸದ್ದುಗಳೆಲ್ಲ ಗೋದಾವರಿಗೆ ಪರಿಚಯ. ಫ್ರಿಜ್ಜಿನ ಗೊರಕೆ, ಬಿಸಿನೀರಿನ ಟ್ಯಾಂಕಿನ ಕೆಮ್ಮು. ಇದು ಅವುಗಳಲ್ಲಿ ಒಂದಲ್ಲ. ದೇವರ ಹೆಸರು ಹೇಳಿಕೊಂಡು, ಕೈಗೆ ಸಿಕ್ಕ ಲಟ್ಟಣಿಗೆ ಹಿಡಿದು ಹೋಗಿ ನೋಡಿದರೆ ಗಂಡ ರಘುನಂದನ! ರೈಫಲ್ಲಿನ ಹೊಟ್ಟೆ ಬಗೆದಿಟ್ಟುಕೊಂಡು ಕೂತಿದ್ದಾನೆ.

“ನಿಂಗೆ ನಿದ್ದೆ ಬರಲ್ವೇನೇ?”

“ನೀವು ಬಿಟ್ರೆ ಬರುತ್ತೆ. ಏನದು?”

“ಕನ್ವರ್ಷನ್ ಕಿಟ್. ಒಳಗೆ ಹಿಂದೆ-ಮುಂದೆ ಓಡಾಡಿ ಗುಂಡು ತುಂಬೋ ಬೋಲ್ಟ್ ತೆಗೆದು ಇದನ್ನಿಟ್ಟು, ಈ ಗುಂಡಿನ ಮ್ಯಾಗಜೀನ್ ಸಿಕ್ಕಿಸಿದ್ರೆ ಅದೇ ರೈಫಲ್ಲಲ್ಲಿ ಪುಟಾಣಿ ಗುಂಡು ಹೊಡೀಬಹುದು. ಸದ್ದೂ ಕಮ್ಮಿ, ಖರ್ಚೂ ಕಮ್ಮಿ.”

“ಬಂದೂಕೇ ಇಲ್ದಿದ್ರೆ ಇನ್ನೂ ಕಮ್ಮಿ.”

“ಸರಿ, ಇದು ನಡೀಲಿಲ್ಲ ಅಂದ್ರೆ ಕಿಟ್ಟು, ರೈಫಲ್ಲು ಎರಡನ್ನೂ ಮಾರಿಬಿಡ್ತೀನಿ. ನಡೆದ್ರೆ ಮಾತ್ರ ನೀನು ಆಮೇಲೆ ತಕರಾರು ಎತ್ತಬಾರದು.”

ಬಂದೂಕು ಮನೆ ಹೊಕ್ಕಂದಿನಿಂದ ಗೋದಾವರಿಯದು ಕೋಳಿನಿದ್ದೆ. ಒಪ್ಪಿಕೊಂಡಳು.

ಮರುದಿನ ಆಯುಧಪೂಜೆ. ಕಾರಿನ ಕೀ, ಲ್ಯಾಪ್‌ಟಾಪ್, ಮಿಕ್ಸಿಗಳ ಸಾಲಿಗೆ ಕಿಟ್ಟೂ ಬಂತು. “ಕುಂಕುಮ ಒಳಗೆ ಹೋಗಬಾರದು” ಎಂದು ಕಟ್ಟಪ್ಪಣೆ ಮಾಡಿ ರಘುನಂದನ ಸ್ನಾನಕ್ಕೆ ಹೋದ. ಗೋದಾವರಿ ಉಡುಪಿಯವಳು. ತವರಿನಲ್ಲಿ ಆ ದಿನ ಕತ್ತಿ, ತುರಿಮಣೆಗಳಿಗೆಲ್ಲ ಎಣ್ಣೆಯ ಅಭ್ಯಂಜನ. ಹೆದರಿಕೆ ಎಷ್ಟೇ ಇರಲಿ, ದೇವರ ಮುಂದಿಟ್ಟದ್ದನ್ನು ಒಣಕಲಾಗಿ ಬಿಡುವುದುಂಟೇ? ಅಡುಗೆಯ ತೆಂಗಿನೆಣ್ಣೆ ತಂದು ಬೋಲ್ಟಿನ ಸಂದುಗೊಂದಿಗೆಲ್ಲ ಧಾರಾಳವಾಗಿ ಸವರಿ, ಚೀಲಕ್ಕೆ ಸೇರಿಸಿದಳು. ಟೆಕ್ಸಾಸಿನ ಸೆಕೆ ಇನ್ನೂ ಬಿಟ್ಟಿರಲಿಲ್ಲ; ಎಣ್ಣೆ ನೀರಿನಂತೆ ಹರಿಯಿತು.

ರಘುನಂದನನಿಗೆ ಪುರುಸೊತ್ತು ಸಿಕ್ಕಿದ್ದು ದೀಪಾವಳಿ ಕಳೆದು, ಉತ್ತರದ ಚಳಿ ಒಮ್ಮೆಲೇ ಬಂದಿಳಿದ ಶನಿವಾರ. ಗೆಳೆಯ ತಿರುಮಲನೂ ಜೊತೆಗೆ ಹೊರಟ. ಬಯಲಿನ ಶೂಟಿಂಗ್ ರೇಂಜಿನಲ್ಲಿ ಗೋದಾವರಿ ಕಿವಿ ಮುಚ್ಚಿಕೊಂಡು ಹಿಂದೆ ನಿಂತಳು.

ಮೊದಲ ಗುಂಡು ‘ಪಟ್’ ಎಂದಿತು. ಎರಡನೆಯದು ಹಾರಲೇ ಇಲ್ಲ. ಬೋಲ್ಟು ಅರ್ಧ ದಾರಿಯಲ್ಲೇ ನಿಂತುಬಿಟ್ಟಿತ್ತು. ಕೈಯಿಂದ ಎಳೆದು ಮತ್ತೆ ಹೊಡೆದರೆ ಮತ್ತೆ ಅದೇ ಕತೆ.

“ಏನೋ ರಘು, ಒಂದೊಂದು ಗುಂಡಿಗೂ ಕಾಫಿ ಬ್ರೇಕ್ ಬೇಕಾ ಇದಕ್ಕೆ?” ಎಂದ ತಿರುಮಲ. ಆಮೇಲೆ ಮೂಗರಳಿಸಿದ. “ಇಲ್ಲೆಲ್ಲೋ ಬಾಳೆಕಾಯಿ ಚಿಪ್ಸ್ ಕರೀತಿದಾರೆ ಕಣೋ!”

ಗೋದಾವರಿ ಒಂದು ಹೆಜ್ಜೆ ಹಿಂದೆ ಸರಿದಳು.

ರೈಫಲ್ ಖಾಲಿ ಮಾಡಿ ಬಿಚ್ಚಿದ ರಘುನಂದನನ ಬೆರಳಿಗೆ ಬೆಳ್ಳಗೆ ಏನೋ ಮೆತ್ತಿಕೊಂಡಿತು. “ಥೂ, ಕಂಪನಿಯವರು ಇದೆಂಥ ಗ್ರೀಸ್ ಮೆತ್ತಿ ಕಳಿಸಿದಾರೋ! ಪುಟಾಣಿ ಗುಂಡಿಗೆ ಬೋಲ್ಟ್ ತಳ್ಳೋ ಕಸುವೇ ಅಷ್ಟಕ್ಕಷ್ಟೆ. ಈ ಅಂಟನ್ನ ಎಲ್ಲಿ ತಳ್ಳುತ್ತೆ?”

ಬೆಳಿಗ್ಗೆ ಅಡುಗೆಮನೆಯ ತೆಂಗಿನೆಣ್ಣೆ ಡಬ್ಬಿಯಲ್ಲಿ ಚಮಚ ನೆಟ್ಟಗೆ ನಿಂತಿದ್ದು ಗೋದಾವರಿಯ ಕಣ್ಣಿಗೆ ಕಟ್ಟಿತು.

“ಆಡಿದ ಮಾತು ಆಡಿದ್ದೇ. ಎರಡನ್ನೂ ಮಾರ್ತೀನಿ,” ಎಂದ ರಘುನಂದನ, ಮುಖ ಸಣ್ಣದು ಮಾಡಿಕೊಂಡು.

ಬಿಸಿ ಮಾಡಿ ಒಮ್ಮೆ ಒರೆಸಿದರೆ ವಾಸಿಯಾಗುವ ಕಾಯಿಲೆ. ಹೇಳಿಬಿಡಲೆಂದು ಬಾಯಿ ತೆರೆದಳು. ಚಳಿಗಾಳಿ ಒಳಹೊಕ್ಕಿತು, ಮುಚ್ಚಿದಳು. ಸುಳ್ಳಂತೂ ಹೇಳಿಲ್ಲ, ಕೇಳಿದವರೂ ಇಲ್ಲ. ಗಂಡನಿಗೆ ಬೇಡ, ತಿರುಮಲನಿಗಂತೂ ಬೇಡವೇ ಬೇಡ, ನಾಳೆ ಫೋನಿನಲ್ಲಿ ಸಿಗುವ ಅಮ್ಮನಿಗೂ ಬೇಡ. ಪೂಜೆಯ ಫಲವನ್ನು ಯಾರಾದರೂ ಊರೆಲ್ಲ ಸಾರಿಕೊಂಡು ಬರುತ್ತಾರೆಯೇ?