ಕೈ ಹಿಡಿದ ಸಿಪಾಯಿಗಳು

೧೯೬೨ರ ನವೆಂಬರ್. ಚೀನಾದೊಂದಿಗೆ ಯುದ್ಧ ನಡೆಯುತ್ತಿತ್ತು. ಜನರಲ್ಲಿ ದೇಶಾಭಿಮಾನ ಹುಟ್ಟಲಿ ಎಂದು ಹೆಬ್ಬಾಳದ ಕಾಲೇಜೊಂದರ ಪ್ರಿನ್ಸಿಪಾಲರು, ಅಪರೂಪದ ಪುಸ್ತಕಗಳ ಕೋಣೆಯಲ್ಲಿದ್ದ ಯುದ್ಧದ ಚಿತ್ರಗಳನ್ನು ವರಾಂಡದಲ್ಲಿ ತೂಗುಹಾಕಲು ಲೈಬ್ರರಿಯನ್ ಆನಂದಪ್ಪನಿಗೆ ಹೇಳಿದರು.

ಅವೆಲ್ಲ ಎರಡನೇ ಮಹಾಯುದ್ಧದ ಪ್ರಚಾರದ ಚಿತ್ರಗಳು. ದೇಶ ಬಿಟ್ಟು ಹೋಗುವಾಗ ಇಂಗ್ಲಿಷ್ ಅಧಿಕಾರಿಯೊಬ್ಬ ಕೊಟ್ಟುಹೋಗಿದ್ದ. ಬಿಚ್ಚಿ ನೋಡಿದ ಆನಂದಪ್ಪ ಪೇಚಿಗೆ ಸಿಲುಕಿದ. ಅವುಗಳಲ್ಲಿ ಜಪಾನಿನವನು ಕೋರೆಹಲ್ಲಿನ ರಾಕ್ಷಸ. ಚೀನಾದ ಸಿಪಾಯಿಯೋ, ನಮ್ಮ ಸಿಪಾಯಿಯ ಕೈ ಹಿಡಿದು ನಗುತ್ತಿದ್ದ. ಪೇಟೆಯಿಂದ ತರಿಸಿದ ಹೊಸ ಪೋಸ್ಟರಿನಲ್ಲಿ ಅದೇ ಕೋರೆಹಲ್ಲು ಚೀನಾದವನಿಗೆ ಬಂದಿತ್ತು.

ಕೈ ಹಿಡಿದ ಚಿತ್ರವನ್ನು ಮೇಜಿನ ಮೇಲೆ ಬಿಟ್ಟು ಮಿಕ್ಕವನ್ನು ತೂಗುಹಾಕುತ್ತಿದ್ದಾಗ ಅಟ್ಟೂರಿನ ಸುಬ್ಬಮ್ಮ ಬಂದಳು. ನೆಂಟಸ್ತಿಕೆಯಲ್ಲಿ ಆನಂದಪ್ಪನಿಗೆ ಅಕ್ಕನಾಗಬೇಕು. ಅವಳ ಮಗ ಲಕ್ಕಣ್ಣ ಗಡಿಯಲ್ಲಿದ್ದ. ಬಹಳ ದಿನಗಳಿಂದ ಸುದ್ದಿಯಿರಲಿಲ್ಲ. ಪೇಪರಿನಲ್ಲಿ ಏನಾದರೂ ಬಂದಿದೆಯೇ ಎಂದು ಕೇಳಲು ಆಗಾಗ ಬರುತ್ತಿದ್ದಳು.

ಮೇಜಿನ ಮೇಲಿನ ಚಿತ್ರ ನೋಡಿ ಕೇಳಿದಳು: “ಇವ್ನ್ಯಾರು ಆನಂದಾ?”

“ಚೀನಾದೋನು ಕಣಕ್ಕ.”

“ಪಕ್ದಾಗಿರೋನು ನಮ್ಮೋನಲ್ವಾ? ಅಂಗಾದ್ರೆ ರಾಜಿ ಆಯ್ತಾ!”

“ಇಲ್ಲಕ್ಕ, ಇದು ಹಳೇ ಚಿತ್ರ. ಆವಾಗ ಅವ್ರು ನಮ್ಗೆ ಸ್ನೇಹಿತ್ರು.”

“ಸ್ನೇಹಿತ್ರಾದ್ರೆ ಈಗ್ಯಾಕೆ ಒಡೀತಾವ್ರೆ?”

ಆನಂದಪ್ಪ ಚಿತ್ರವನ್ನು ಮಗುಚಿ ಇಟ್ಟ. ಅವಳು ಸೆರಗಿನಲ್ಲಿ ಕಣ್ಣೊರೆಸಿಕೊಂಡು ಹೋದಳು.

ಆ ವಾರವೇ ರೇಡಿಯೋದಲ್ಲಿ ಕದನವಿರಾಮದ ಸುದ್ದಿ ಬಂತು. ಸುಬ್ಬಮ್ಮ ಏದುಸಿರು ಬಿಡುತ್ತ ಬಂದಳು.

“ನೀನು ಸುಳ್ಳೇಳ್ದೆ. ಚಿತ್ರಾನೇ ನಿಜ ಯೋಳ್ತು! ನನ್ ಮಗ ಎಲ್ಲವ್ನೆ ಅಂತಾನೂ ಯಾವ್ದಾರಾ ಚಿತ್ರದಾಗೆ ಐತಾ ನೋಡಪ್ಪ.”

ಇದು ಹುಚ್ಚುತನವೆಂದು ಗೊತ್ತಿದ್ದರೂ ಇಲ್ಲವೆನ್ನಲು ಆನಂದಪ್ಪನಿಗೆ ಬಾಯಿ ಬರಲಿಲ್ಲ. ಇಬ್ಬರೂ ನೆಲದ ಮೇಲೆ ಕೂತು ವರಾಂಡದಿಂದ ಇಳಿಸಿ ಪೆಟ್ಟಿಗೆಗೆ ತುಂಬಿದ್ದ ಒಂದೊಂದು ಚಿತ್ರವನ್ನೂ ತೆಗೆದು ನೋಡಿದರು. ಟೋಪಿ ಹಾಕಿದ ಪ್ರತಿ ಮುಖದ ಮೇಲೂ ಅವಳು ಬೆರಳಾಡಿಸಿದಳು. ಒಮ್ಮೆ ಆನಂದಪ್ಪನಿಗೂ ಒಂದು ಮುಖ ಲಕ್ಕಣ್ಣನದೇ ಅನ್ನಿಸಿ, ತನಗೇನಾಗಿದೆ ಎಂದು ಗಾಬರಿಯಾಯಿತು.

ಲಕ್ಕಣ್ಣ ಚೀನಾದವರಿಗೆ ಸೆರೆ ಸಿಕ್ಕಿದ್ದ. ಮರುವರ್ಷ ಬೇಸಿಗೆಯಲ್ಲಿ ಬಿಡುಗಡೆಯಾಗಿ ಊರಿಗೆ ಬಂದ. ಆನಂದಪ್ಪ ನೋಡಲು ಹೋದಾಗ ಗೋಡೆಗೊರಗಿ ಕೂತಿದ್ದ. ತೀರಾ ಸೊರಗಿದ್ದ.

“ಚಳೀಗೆ ಕೋಟು ಕೊಟ್ರು ಮಾವ. ಆಮೇಲೆ ಅವ್ರ ಸಿಪಾಯಿ ಕೈ ಇಡ್ಕೊಂಡು ನಗು ಅಂತ ಫೋಟೋ ತೆಗದ್ರು.”

“ನಕ್ಕೇನೋ?”

“ನಕ್ಕೆ. ವಾಪಸ್ ಬಂದ್ಮೇಲೆ ನಮ್ ಮಿಲಿಟ್ರಿಯೋರು ಯಾಕೆ ನಕ್ಕೆ ಅಂತ ಕೇಳಿದ್ರು. ಕೋಟು ಬೆಚ್ಚಗಿತ್ತು ಅಂತ ನಕ್ನೋ, ಎದ್ರಿ ನಕ್ನೋ, ನಂಗೇ ತಿಳೀತಿಲ್ಲ. ನಗಬಾರ್ದಿತ್ತಾ ಮಾವ?”

“ನಂಗೂ ಗೊತ್ತಾಗ್ತಿಲ್ಲ ಕಣೋ,” ಎಂದ ಆನಂದಪ್ಪ.

“ನಕ್ಕಿದ್ದಕ್ಕೇ ಉಳ್ಕಂಡೆ ಅಂದ್ಕೋ, ಉಣ್ಣು,” ಎನ್ನುತ್ತ ಸುಬ್ಬಮ್ಮ ಮುದ್ದೆ ಬಡಿಸಿದಳು. ಲಕ್ಕಣ್ಣ ತಾಯಿಯ ಮುಖವನ್ನೊಮ್ಮೆ, ಮಾವನ ಮುಖವನ್ನೊಮ್ಮೆ ನೋಡಿದ. ಆಮೇಲೆ ಮುದ್ದೆ ಮುರಿದ.